ಜತ್ತಪ್ಪ ಮಾಸ್ತರರು ಭಾವನ ಕಾರು ಮಾರಿದ್ದು

ಗುರುವಾಯನಕೆರೆಯ ಜತ್ತಪ್ಪ ಮಾಸ್ತರರಿಗೆ ಸಿಟ್ಟು ಬರುತ್ತದೆ ಎಂದು ಹೇಳಿದರೆ ಅವರ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಸಿಟ್ಟು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಮಾಸ್ತರರಿಗೆ ಬಂದದ್ದು ಹೋಗುತ್ತಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಉಮಿಕರಿಯ ಡಬ್ಬದ ಮೇಲೆ ಬಂದ ಸಿಟ್ಟು ಮೂರನೆಯ ಪೀರಿಯಡ್ಡಿನ ಭಾಗಾಕಾರದವರೆಗೂ ಹಾಗೆಯೇ ಇರುತ್ತಿತ್ತು. ಅಲ್ಲಿ ಹೊಸದೊಂದು ಸಿಕ್ಕಿದ ಮೇಲೆಯೇ ಹಳೆಯದಕ್ಕೆ ಬಿಡುಗಡೆ. ಆದರೂ ಊರು ಅವರನ್ನು ಗೌರವಿಸುತ್ತಿತ್ತು. ಯಾಕೆಂದರೆ ಮಾಸ್ತರರು ಸುಳ್ಳು ಹೇಳುವವರಲ್ಲ. ಇತರರು ಹೇಳುತ್ತಾರೆ ಎಂಬುದೇ ಅವರ ಸಿಟ್ಟಿನ ಮುಕ್ಕಾಲು ಭಾಗವಾಗಿತ್ತು.

ಇಂಥ ಮನುಷ್ಯನಿಗೆ ೧೯೮೩ರ ಜನವರಿಯಲ್ಲಿ ಬಹರೈನಿನಿಂದ ಭಾವ ದೇಜಪ್ಪ ಒಂದು ಪತ್ರ ಬರೆದ. ದೇಜಪ್ಪ ಎಂದರೆ ಮಾಸ್ತರರ ಹೆಂಡತಿ ಸರಸಳ ತಮ್ಮ. ಹಿಂದೊಮ್ಮೆ ಊರಿಗೆ ಬರುವಾಗ ಹಡಗಿನಲ್ಲಿ ಒಂದು ಜಪಾನಿ ಕಾರು ತಂದು, ಎರಡು ತಿಂಗಳು ಊರಿಡೀ ಧೂಳೆಬ್ಬಿಸಿ, ಅದನ್ನು ಅಕ್ಕನ ಮನೆಯಂಗಳದಲ್ಲಿ ನಿಲ್ಲಿಸಿ ಹೋಗಿದ್ದ. ‘ಭಾವಾ, ಕಾರು ಮಾರಿಬಿಡಿ. ಕಸ್ಟಮ್ಸಿನ ಕಾಗದ ಎಲ್ಲ ಸರಿ ಉಂಟು. ಒಳ್ಳೆಯ ಮಾತು ನಾಲ್ಕು ಹೇಳಿದರೆ ಯಾರಾದರೂ ತೆಗೆದುಕೊಳ್ಳುತ್ತಾರೆ’ ಎಂದು ಪತ್ರದಲ್ಲಿತ್ತು.

“ಒಳ್ಳೆಯ ಮಾತು ನಾಲ್ಕು!” ಎಂದು ಮಾಸ್ತರರು ಪತ್ರವನ್ನು ಹೆಂಡತಿಯ ಮುಂದೆ ಹಿಡಿದರು. “ಸುಳ್ಳು ಹೇಳಿ ಮಾರಿ ಅಂತ ಬರೆದಿದ್ದಾನೆ ನಿನ್ನ ತಮ್ಮ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಮಾರ್ತೇನೆ.”

ಸರಸ ಏನೂ ಹೇಳಲಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಏನಾದರೂ ಹೇಳಿದ್ದನ್ನು ಕೇಳಿದವರಿಲ್ಲ.

ಇದ್ದದ್ದು ಏನು ಎಂದು ಇಲ್ಲಿ ತಿಳಿಸಬೇಕು. ಅದು ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಕಂಪನಿಯವರು ಅದನ್ನು ಚೆನ್ನಾಗಿಯೇ ಮಾಡಿದ್ದಿರಬೇಕು. ಆಮೇಲೆ ಅದರ ಮೇಲೆ ಕೈಯಾಡಿಸಿದವನು ದೇಜಪ್ಪ. ಸ್ಪ್ರಿಂಗು ಕತ್ತರಿಸಿ, ಅಡಿಯಲ್ಲಿ ಕಪ್ಪೆ ನುಸುಳಲೂ ಜಾಗವಿಲ್ಲದಷ್ಟು ಕೆಳಗಿಳಿಸಿದ್ದ. ಸೈಲೆನ್ಸರ್ ಇದ್ದಲ್ಲಿ ಚರಂಡಿಗೆ ಹಾಕುವಂಥ ಒಂದು ಕೊಳವೆಯಿತ್ತು. ಹಿಂದುಗಡೆ ಅಡ್ಡಲಾಗಿ ಒಂದು ರೆಕ್ಕೆ. ಅದರ ಉಪಯೋಗ ಯಾರಿಗೂ ತಿಳಿಯದ ಕಾರಣ ಸರಸ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಗಾಜುಗಳಿಗೆಲ್ಲ ಕಪ್ಪು ಕಾಗದ. ಸೀಟುಗಳು ಬಾವಿಯ ಹಾಗೆ ಆಳ. ಎಲ್ಲಕ್ಕಿಂತ ಮುಖ್ಯವಾಗಿ, ಅರಬ್ಬರ ದೇಶದ ಕಾರಾದ್ದರಿಂದ ಅದರ ಸ್ಟೀರಿಂಗು ಎಡಗಡೆ ಇತ್ತು.

ಮಾಸ್ತರರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಬಂಟ್ವಾಳದ ಮೆಕ್ಯಾನಿಕ್ ಅಬ್ದುಲ್ ಶುಕೂರ್ ಬಸ್ಸಿನಲ್ಲಿ ಬಂದು, ಕಾರನ್ನು ಜಾಕಿಯಿಂದ ಎತ್ತಿ, ಎರಡು ದಿನ ಅದರಡಿಯಲ್ಲಿ ಮಲಗಿ ಅದಕ್ಕೆ ಜೀವ ಬರಿಸಿದ. ಶುಕೂರ್ ಬಹಳ ಗಿಡ್ಡ. ಆ ಸೀಟಿನಲ್ಲಿ ಕೂತರೆ ಹೊರಗಿನವರಿಗೆ ಅವನ ಟೊಪ್ಪಿಯ ತುದಿಯೂ ಕಾಣುತ್ತಿರಲಿಲ್ಲ.

“ಮಾಸ್ತರೇ, ಹ್ಯಾಂಡ್‌ಬ್ರೇಕು ಹಿಡಿಯುದಿಲ್ಲ. ನಿಲ್ಲಿಸಿದ ಕೂಡ್ಲೆ ಚಕ್ರಕ್ಕೆ ಕಲ್ಲು ಇಡ್ಬೇಕು” ಎಂದ ಅವನು.

“ಅದನ್ನೂ ಹೇಳಿಯೇ ಮಾರುವ” ಎಂದು ಮಾಸ್ತರರು ಪಟ್ಟಿಗೆ ಸೇರಿಸಿದರು. ದೋಷಗಳ ಪಟ್ಟಿಯದು. ಆಗಲೇ ಹತ್ತೊಂಬತ್ತು ಆಗಿತ್ತು.

ಮೊದಲ ಗಿರಾಕಿ ಮೂಡಬಿದ್ರಿಯ ಒಬ್ಬ ಹೋಟೆಲಿನ ಧಣಿ. ಒಂದು ಭಾನುವಾರ ಶುಕೂರ್ ಕಾರು ಬಿಟ್ಟ. ಮಾಸ್ತರರು ಬಲಗಡೆಯ ಸೀಟಿನಲ್ಲಿ ಕೂತರು. ಹೊರಗೆ ಏನೂ ಕಾಣುವುದಿಲ್ಲವೆಂದು ಸಿಟ್ಟಾಗಿ, ತಮ್ಮ ಕಡೆಯ ಗಾಜಿನ ಕಪ್ಪು ಕಾಗದವನ್ನು ಉಗುರಿನಿಂದ ಕೆರೆದು ತೆಗೆದರು. ಮೂಡಬಿದ್ರಿಯಲ್ಲಿ ಧಣಿಗಳು ಕಾರನ್ನು ನೋಡಿ ಬಾಯಿ ಚಪ್ಪರಿಸುತ್ತಿದ್ದಾಗ ಮಾಸ್ತರರು ಪಟ್ಟಿ ತೆಗೆದು ಓದತೊಡಗಿದರು. ನಾಲ್ಕನೆಯದಕ್ಕೆ ಧಣಿಗಳು, “ಸಾಕು ಮಾಸ್ತರೇ, ನೀವು ಮಾರ್ಲಿಕ್ಕೆ ಬಂದದ್ದಾ, ಅಲ್ಲ ನನ್ನ ಮೇಲೆ ಜಗಳಕ್ಕೆ ಬಂದದ್ದಾ?” ಎಂದು ಒಳಗೆ ಹೋದರು.

ವಾಪಸು ಬರುವಾಗ ಮಾಸ್ತರರು ಕೋಪದಿಂದ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ವೇಣೂರಿನ ಬಸ್ ಸ್ಟ್ಯಾಂಡಿನಲ್ಲಿ ನೆರೆಮನೆಯ ಪೂವಮ್ಮ ಬಸ್ಸು ಕಾಯುತ್ತಿದ್ದಳು. ಆಕೆಯ ಕಣ್ಣ ಮುಂದೆ ಕೆಂಪು ಕಾರೊಂದು ಗುಡುಗುತ್ತ ಹೋಯಿತು. ಡ್ರೈವರು ಕೂರುವ ಜಾಗದಲ್ಲಿ ಜತ್ತಪ್ಪ ಮಾಸ್ತರರು ಎರಡೂ ಕೈಯಲ್ಲಿ ಪೇಪರು ಹಿಡಿದು ಓದುತ್ತಿದ್ದರು. ಪೂವಮ್ಮ ಬಸ್ಸು ಹತ್ತಿ ಗುರುವಾಯನಕೆರೆಯಲ್ಲಿ ಇಳಿಯುವಷ್ಟರಲ್ಲಿ ಬಸ್ಸಿನಲ್ಲಿದ್ದ ಐವತ್ತು ಜನರಿಗೂ ಈ ವಿಷಯ ಗೊತ್ತಿತ್ತು.

ಮರುವಾರದ ಗಿರಾಕಿ ಬಂಟ್ವಾಳದವನು. ಅವನು ಹನ್ನೊಂದನೆಯ ದೋಷದವರೆಗೆ ತಡೆದುಕೊಂಡ. ಅಲ್ಲಿಂದ ಹೊರಟು ಪೇಟೆ ದಾಟುತ್ತಿದ್ದಂತೆ ಸೀಟಿ ಕೇಳಿಸಿತು. ಶುಕೂರ್ ರಸ್ತೆಯ ಅಂಚಿಗೆ ಕಾರು ನಿಲ್ಲಿಸಿದ, ಎಡಬಾಗಿಲಿನಿಂದ ಇಳಿದ, ಚಕ್ರಕ್ಕೆ ಕಲ್ಲಿಟ್ಟ, ಎದುರಿನ ಹೋಟೆಲಿನೊಳಗೆ ಮಾಯವಾದ. ಅವನ ಲೈಸೆನ್ಸಿನ ಅವಧಿ ಮುಗಿದು ಎರಡು ವರ್ಷವಾಗಿತ್ತು.

ಸಬ್ ಇನ್ಸ್‌ಪೆಕ್ಟರರು ಘಟ್ಟದ ಮೇಲಿನವರು, ಊರಿಗೆ ಹೊಸಬರು. ನೇರವಾಗಿ ಬಲಬಾಗಿಲಿಗೆ ಬಂದರು.

“ಇಳೀರಿ ಕೆಳಗೆ. ಏನ್ರೀ ಇದು ಸೌಂಡು? ಲೈಸೆನ್ಸ್ ಕೊಡಿ.”

“ನನಗೆ ಲೈಸೆನ್ಸ್ ಇಲ್ಲ.”

“ಲೈಸೆನ್ಸ್ ಇಲ್ದೆ ಓಡಿಸ್ತೀರಾ?”

“ನಾನು ಓಡಿಸಲಿಲ್ಲ.”

“ಮತ್ಯಾರು ಓಡಿಸಿದ್ದು?”

“ಇವನು” ಎಂದು ಮಾಸ್ತರರು ಎಡಕ್ಕೆ ಕೈ ತೋರಿಸಿದರು. ಎಡಗಡೆ ಖಾಲಿ ಸೀಟಿತ್ತು.

ಸಾಹೇಬರು ಬಗ್ಗಿ ನೋಡಿದರು. ಆ ಕಡೆ ಸ್ಟೀರಿಂಗ್ ಇತ್ತು, ಮನುಷ್ಯ ಇರಲಿಲ್ಲ. ಈ ಕಡೆ ಮನುಷ್ಯ ಇದ್ದ, ಸ್ಟೀರಿಂಗ್ ಇರಲಿಲ್ಲ. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡರು.

“ನಾನು ನೋಡ್ದಾಗ ಗಾಡೀಲಿ ನೀವೊಬ್ರೇ ಇದ್ರಿ.”

“ಶುಕೂರ ಇದ್ದ! ಗಿಡ್ಡ ಇದ್ದಾನೆ, ಅದಕ್ಕೆ ಕಾಣ್ಲಿಲ್ಲ! ಶುಕೂರಾ! ಏ ಶುಕೂರಾ!” ಎಂದು ಮಾಸ್ತರರು ನೇತ್ರಾವತಿಯ ಆಚೆ ದಡಕ್ಕೆ ಕೇಳಿಸುವ ಹಾಗೆ ಕೂಗಿದರು. ಹೋಟೆಲಿನೊಳಗೆ ಶುಕೂರ್ ಒಂದು ಪ್ಲೇಟು ಗೋಳಿಬಜೆಯ ಹಿಂದೆ ಇನ್ನಷ್ಟು ಗಿಡ್ಡವಾದ.

ಸುತ್ತ ಜನ ಸೇರಿತು. “ನಾನೂ ಕಂಡೆ ಸಾರ್, ಇವರೊಬ್ಬರೇ ಇದ್ದದ್ದು, ಕೈ ಕಟ್ಟಿ ಕೂತಿದ್ರು” ಎಂದ ಒಬ್ಬ. ಸಾಹೇಬರು ಮಾಸ್ತರರ ಹೆಸರು, ಶಾಲೆ ಬರೆದುಕೊಂಡರು. ಯಾವ ಕಲಮಿನ ಕೆಳಗೆ ಬರೆಯಬೇಕೆಂದು ತೋಚದೆ, “ವಿಚಾರಣೆಗೆ ಕರೀತೀವಿ” ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಶುಕೂರ್ ಮೀಸೆ ಒರೆಸಿಕೊಳ್ಳುತ್ತ ಬಂದ. ಬಂಟ್ವಾಳದಿಂದ ಗುರುವಾಯನಕೆರೆಯವರೆಗೆ ಮಾಸ್ತರರು ಅವನನ್ನು ಬೈದರು. ಎಡಕ್ಕೆ ತಿರುಗಿ, ಎರಡೂ ಕೈ ಎತ್ತಿ, ಸೀಟಿನಲ್ಲಿ ಅರ್ಧ ಎದ್ದು ಬೈದರು. ರಸ್ತೆಯ ಇಕ್ಕೆಲದ ಜನರಿಗೆ ಕಂಡದ್ದು ಇಷ್ಟು: ಜತ್ತಪ್ಪ ಮಾಸ್ತರರು ಕಾರಿಗೆ ಬೈಯುತ್ತಿದ್ದಾರೆ, ಕಾರು ಹೆದರಿಕೊಂಡು ಓಡುತ್ತಿದೆ.

“ಮಾಸ್ತರೇ, ನನ್ನ ಹೆಸರು ಎತ್ಬೇಡಿ. ಲೈಸೆನ್ಸಿನ ವಿಷ್ಯ ಬಂದ್ರೆ ನನ್ನ ಗ್ಯಾರೇಜೇ ಹೋಗ್ತದೆ” ಎಂದು ಶುಕೂರ್ ಮನೆಯಂಗಳದಲ್ಲಿ ಕೈಮುಗಿದ.

“ನಾನು ಸುಳ್ಳು ಹೇಳುವವ ಅಲ್ಲ.”

“ಹಾಗಾದ್ರೆ ನಾನು ಹೇಳ್ತೇನೆ” ಎಂದು ಶುಕೂರ್ ಕೊನೆಯ ಬಸ್ಸಿಗೆ ಕಾಯದೆ ನಡೆದೇ ಹೋದ. ಪೊಲೀಸರು ಕೇಳಿದಾಗ ಆ ದಿನ ತಾನು ಗ್ಯಾರೇಜಿನಲ್ಲಿ ಒಂದು ಲಾರಿಯ ಅಡಿಯಲ್ಲಿದ್ದೆನೆಂದು ಹೇಳಿಯೂ ಬಿಟ್ಟ. ಅವನು ಯಾವಾಗಲೂ ಯಾವುದಾದರೊಂದರ ಅಡಿಯಲ್ಲಿರುವವನಾದ್ದರಿಂದ ಎಲ್ಲರೂ ನಂಬಿದರು.

ಹೀಗೆ ಪೂವಮ್ಮನ ಕಣ್ಣು, ಬಂಟ್ವಾಳದ ಸಾಕ್ಷಿ, ದಾರಿಯುದ್ದಕ್ಕೂ ಕಂಡ ಬೈಗುಳ ಮೂರೂ ಕೂಡಿ ಒಂದು ವಾರದೊಳಗೆ ಒಂದು ಸತ್ಯ ಹುಟ್ಟಿತು: ದೇಜಪ್ಪನ ಜಪಾನಿ ಕಾರು ತಾನಾಗಿಯೇ ಓಡುತ್ತದೆ. ಕೂತವರು ಬಾಯಲ್ಲಿ ಹೇಳಿದರೆ ಸಾಕು.

ಆಮೇಲೆ ಗಿರಾಕಿಗಳಿಗೆ ಬರವಿರಲಿಲ್ಲ. ಬೆಳ್ತಂಗಡಿಯಿಂದ ಒಬ್ಬ ವಕೀಲರು ಬಂದರು. ಕಾರ್ಕಳದ ಕಡೆಯಿಂದ ಇಬ್ಬರು ಅಣ್ಣತಮ್ಮಂದಿರು ಬಂದು, ಕಾರಿಗೆ ತುಳು ಬರುತ್ತದೋ ಇಲ್ಲ ಜಪಾನಿ ಭಾಷೆಯೇ ಆಗಬೇಕೋ ಎಂದು ವಿಚಾರಿಸಿದರು.

“ಅದು ತಾನಾಗಿ ಓಡುವುದಿಲ್ಲ!” ಎಂದು ಮಾಸ್ತರರು ಕೂಗಿದರು. “ಸ್ಟೀರಿಂಗು ಎಡಗಡೆ! ಎಡಗಡೆ ಜನ ಕೂತಿರ್ತಾನೆ!”

“ಗೊತ್ತಾಯ್ತು, ಗೊತ್ತಾಯ್ತು” ಎಂದು ವಕೀಲರು ಕಣ್ಣು ಮಿಟುಕಿಸಿದರು. “ಕ್ರಯ ಏರಿಸ್ಲಿಕ್ಕೆ ಹೀಗೆ ಹೇಳುದಲ್ವಾ? ಇರ್ಲಿ, ಏರಿಸುವ.”

ಹುಟ್ಟಿದಂದಿನಿಂದ ಸತ್ಯವನ್ನೇ ಹೇಳಿದ ಮನುಷ್ಯನಿಗೆ, ಹೇಳಿದ್ದನ್ನು ಯಾರೂ ನಂಬದಿದ್ದಾಗ ಬರುವ ಸಿಟ್ಟು ಬೇರೆಯೇ ಜಾತಿಯದು. ಮಾಸ್ತರರು ಊಟ ಬಿಟ್ಟರು. ಶಾಲೆಯಲ್ಲಿ ಮಗ್ಗಿ ತಪ್ಪಿದವರನ್ನು ಬೈಯದೆ ಸುಮ್ಮನೆ ದಿಟ್ಟಿಸತೊಡಗಿದ್ದರಿಂದ ಮಕ್ಕಳು ಹೆದರಿ ಜ್ವರ ಹಿಡಿದು ಮಲಗಿದರು. ಅಷ್ಟರಲ್ಲಿ ಇಲಾಖೆಯ ಮೇಲಿನವರಿಂದ ಒಂದು ಲಕೋಟೆ ಬಂತು: ‘ಸರಕಾರಿ ನೌಕರರಾದ ತಾವು ಸಾರ್ವಜನಿಕ ರಸ್ತೆಯಲ್ಲಿ ಕೈಬಿಟ್ಟು ವಾಹನ ಚಲಾಯಿಸಿದ ಬಗ್ಗೆ ದೂರು ಬಂದಿದ್ದು, ತಮ್ಮನ್ನು ಏಕೆ ಅಮಾನತು ಮಾಡಬಾರದು ಎಂಬುದಕ್ಕೆ ವಿವರಣೆ ನೀಡತಕ್ಕದ್ದು.’ ಮಾಸ್ತರರು ಹನ್ನೊಂದು ಪುಟ ವಿವರಣೆ ಬರೆದರು. ‘ಸಂಕ್ಷಿಪ್ತವಾಗಿ ಬರೆಯಿರಿ’ ಎಂಬ ಷರಾದೊಂದಿಗೆ ಅದು ಹಿಂದಕ್ಕೆ ಬಂತು. ಎರಡನೆಯ ಸಲ, ‘ನಾನು ಓಡಿಸಲಿಲ್ಲ’ ಎಂದು ಎರಡೇ ಪದ ಬರೆದರು. ‘ಹಾಗಾದರೆ ಯಾರು?’ ಎಂದು ಬಂತು.

ಮಾರ್ಚ್ ಮೊದಲ ಶನಿವಾರ ಮಧ್ಯಾಹ್ನ ವೇಣೂರಿನ ನೋಣಯ್ಯ ಶೆಟ್ಟರು ಬಾಡಿಗೆ ಜೀಪಿನಲ್ಲಿ ಬಂದಿಳಿದರು. ಎಪ್ಪತ್ತು ದಾಟಿದವರು. ಕಣ್ಣಿನ ಆಪರೇಷನ್ ಕೂಡಿಬಾರದೆ ಏಳು ವರ್ಷಗಳಿಂದ ಬೆಳಕು, ಕತ್ತಲೆ ಎರಡೇ ಗೊತ್ತಾಗುತ್ತಿತ್ತು. ಅವರ ಕೈ ಹಿಡಿದು ಮಗಳು ಕಾಂತಿ ಬಂದಳು. ಮೂವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಅದೇ ಹೊತ್ತಿಗೆ ಬಂಟ್ವಾಳದ ಸಬ್ ಇನ್ಸ್‌ಪೆಕ್ಟರರೂ ಹೇಳಿಕೆ ಬರೆಸಿಕೊಳ್ಳಲು ಬಂದರು. ಕಾರನ್ನು ಬಂಟ್ವಾಳಕ್ಕೆ ಒಯ್ಯಲು ಬೇಕೆಂದು ಶುಕೂರನನ್ನೂ ಕರೆತಂದಿದ್ದರು. ಪೊಲೀಸರು ಬಂದರೆಂದು ಪೂವಮ್ಮ ಬಂದಳು. ಪೂವಮ್ಮ ಹೋದಳೆಂದು ಊರೆಲ್ಲ ಬಂತು.

ಅಂಗಳ ಎತ್ತರದಲ್ಲಿತ್ತು. ಅಲ್ಲಿಂದ ಕೆಳಗಿಳಿವ ಮಣ್ಣಿನ ದಾರಿ ಕೆರೆಯ ಏರಿಗೆ ಹೋಗಿ ಸೇರುತ್ತಿತ್ತು. ಕಾರು ಮೂತಿಯನ್ನು ಕೆಳಕ್ಕೆ ಮಾಡಿ, ಮುಂದಿನ ಚಕ್ರಕ್ಕೆ ಕಲ್ಲಿಟ್ಟುಕೊಂಡು ನಿಂತಿತ್ತು.

“ನನ್ನನ್ನು ಒಮ್ಮೆ ಒಳಗೆ ಕೂರಿಸು ಮಗಾ” ಎಂದರು ನೋಣಯ್ಯ ಶೆಟ್ಟರು. ಕಾಂತಿ ಅವರನ್ನು ಬಲಗಡೆಯ ಸೀಟಿನಲ್ಲಿ ಕೂರಿಸಿ, ಗಾಜು ಇಳಿಸಿ ಬಾಗಿಲು ಹಾಕಿದಳು. ಜನ ಉಸಿರು ಬಿಗಿಹಿಡಿದು ಮುಂದೆ ಬಂದಿತು.

“ಶೆಟ್ರೇ, ಕೆರೆಗೆ ಹೋಗು ಅಂತ ಹೇಳಿ!” ಎಂದು ಯಾರೋ ಕೂಗಿದರು.

“ಕಣ್ಣಿಲ್ಲದವರಿಗೇ ಮಾಡಿದ ಕಾರು ಮಾರಾಯ್ರೆ ಇದು” ಎಂದಳು ಪೂವಮ್ಮ, ಸಬ್ ಇನ್ಸ್‌ಪೆಕ್ಟರರಿಗೆ.

ಮಾಸ್ತರರ ತಲೆಯಲ್ಲಿ ಏನೋ ಪಟ್ಟನೆ ಕಡಿದುಹೋಯಿತು. “ತಾನಾಗಿ ಓಡುವುದಿಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ! ನಡೀರಿ ಎಲ್ಲ ಇಲ್ಲಿಂದ! ಇಲ್ಲದಿದ್ರೆ ಒಬ್ಬೊಬ್ಬನ ತಲೆ ಒಡೀತೇನೆ!” ಎಂದು ಅಬ್ಬರಿಸಿ, ಕೈಗೆ ಸಿಕ್ಕಿದ ಕಲ್ಲನ್ನು ಎತ್ತಿ ಹಿಡಿದರು.

ಕೈಗೆ ಸಿಕ್ಕಿದ್ದು ಚಕ್ರದ ಕೆಳಗಿನ ಕಲ್ಲು.

ಕಾರು ಸದ್ದಿಲ್ಲದೆ ಹೊರಟಿತು. ಎಂಜಿನ್ ಇಲ್ಲದೆ ಅದು ಎಷ್ಟು ಗಂಭೀರವಾಗಿ ಹೋಯಿತೆಂದರೆ, ಮೊದಲು ಯಾರಿಗೂ ಹೆದರಬೇಕೆಂದೇ ಅನ್ನಿಸಲಿಲ್ಲ. ಪೂವಮ್ಮ ಕೈಮುಗಿದಳು. ಸಬ್ ಇನ್ಸ್‌ಪೆಕ್ಟರರು ತಮಗರಿವಿಲ್ಲದೆಯೇ ಸೆಲ್ಯೂಟ್ ಹೊಡೆದರು. ಗಾಡಿಗಳು ಓಡಾಡಿ ಬಿದ್ದ ಕೊರಕಲಿನಲ್ಲಿ ಚಕ್ರ ಸಿಕ್ಕಿಕೊಂಡು ಕಾರು ತಿರುವಿನಲ್ಲಿ ಚೆಂದವಾಗಿ ತಿರುಗಿದಾಗ ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. “ಅಪ್ಪಾ!” ಎಂದು ಕಾಂತಿ ಕಿರುಚಿ ಓಡಿದ ಮೇಲೆಯೇ ಎಲ್ಲರಿಗೂ ಕೆರೆಯ ನೆನಪಾದದ್ದು.

ಮಾಸ್ತರರು ಕಲ್ಲನ್ನು ಹಿಡಿದುಕೊಂಡೇ ಓಡಿದರು. “ನಿಲ್ಲು! ನಿಲ್ಲು ಅಂದೆ!” ಎಂದು ಕಾರಿಗೆ ಕೂಗುತ್ತ ಓಡಿದರು. ಶುಕೂರ್ ಅವರನ್ನು ದಾಟಿ, ಕಾಂತಿಯನ್ನೂ ದಾಟಿ, ಎಡಬಾಗಿಲಿಗೆ ನೇತುಬಿದ್ದ. ಬಾಗಿಲು ತೆರೆಯಲಿಲ್ಲ. ಅವನನ್ನೂ ಎಳೆದುಕೊಂಡು ಕಾರು ಏರಿಯ ಬುಡಕ್ಕೆ ಬಂತು, ಏರಿ ಹತ್ತಿತು, ಹತ್ತುತ್ತ ಹತ್ತುತ್ತ ದಣಿಯಿತು. ಮುಂದಿನ ಎರಡು ಚಕ್ರ ಏರಿಯ ನೆತ್ತಿಗೆ ಬಂದಲ್ಲಿ ನಿಂತಿತು. ಆಚೆ ಕಡೆ ಎರಡು ಗೇಣು ಹುಲ್ಲು, ಆಮೇಲೆ ನೀರು. ಹಿಂದಕ್ಕೆ ಜಾರದಂತೆ ಶುಕೂರ್ ಹಿಂಚಕ್ರಕ್ಕೆ ಭುಜ ಕೊಟ್ಟು ಕೂತ. ಏದುಸಿರು ಬಿಡುತ್ತ ಬಂದ ಮಾಸ್ತರರು ಕಲ್ಲನ್ನು ಅಲ್ಲಿ ಇಟ್ಟರು.

ಸಬ್ ಇನ್ಸ್‌ಪೆಕ್ಟರರು ಬೆವರು ಒರೆಸಿಕೊಳ್ಳುತ್ತ ಬಂದು, ಕಾರಿನ ಬೆನ್ನ ಮೇಲೆಯೇ ಕಾಗದವಿಟ್ಟು ಬರೆಯತೊಡಗಿದರು.

“ಮೇಷ್ಟ್ರೇ, ನಿಮ್ಮ ತೊಂದರೆ ಪರಿಹಾರ ಆಯ್ತು. ನನ್ನ ಕಣ್ಣಾರೆ ಕಂಡೆ. ಗಾಡಿ ತಾನಾಗೇ ಚಲಿಸುತ್ತೆ, ಚಾಲಕನ ಮೇಲೆ ಆರೋಪ ನಿಲ್ಲೋದಿಲ್ಲ ಅಂತ ಬರ್ದಿದೀನಿ. ಇಲ್ಲೊಂದು ಸೈನ್ ಹಾಕಿ. ನಿಮ್ಮ ಕೆಲಸಾನೂ ಉಳೀತು.”

“ಹಾಕುವುದಿಲ್ಲ” ಎಂದರು ಮಾಸ್ತರರು.

“ಹಾಕ್ಲಿಲ್ಲ ಅಂದ್ರೆ ನೀವೇ ಓಡಿಸಿದ್ರಿ ಅಂತ ಆಗುತ್ತೆ. ಸಸ್ಪೆಂಡ್ ಆಗ್ತೀರಿ.”

“ಆಗ್ತೇನೆ! ಹೋಗ್ತೇನೆ ಮನೆಗೆ! ಆದರೆ ಸುಳ್ಳಿಗೆ ಸೈನ್…”

“ಸಾಕು!”

ಈ ಸ್ವರ ಯಾರದೆಂದು ಊರಿಗೆ ಕೂಡಲೇ ತಿಳಿಯಲಿಲ್ಲ. ಮಾಸ್ತರರಿಗಂತೂ ತಿಳಿಯಲೇ ಇಲ್ಲ. ಅವರು ಅತ್ತಿತ್ತ ನೋಡಿದರು. ಸರಸ ನಿಂತಿದ್ದಳು. ಓಡಿ ಬಂದ ರಭಸಕ್ಕೆ ತುರುಬು ಬಿಚ್ಚಿತ್ತು.

“ಒಬ್ಬ ಮುದಿ ಮನುಷ್ಯ ಈಗ ನೀರಿನ ಅಡಿಗೆ ಹೋಗ್ತಿದ್ದರು. ನೀವು ಇಲ್ಲಿ ಸೈನು ಅಂತ ಕೂತಿದ್ದೀರಾ?” ಎಂದು ಆಕೆ ಸಬ್ ಇನ್ಸ್‌ಪೆಕ್ಟರರ ಮುಂದೆ ಬಂದಳು. “ನಿಮಗೆ ಪೊಲೀಸು ಕೆಲಸ ಕೊಟ್ಟದ್ದು ಯಾರು? ಇಳಿಜಾರಿನಲ್ಲಿ ಕಲ್ಲು ತೆಗೆದರೆ ತೆಂಗಿನಕಾಯಿಯೂ ಉರುಳ್ತದೆ. ಅದಕ್ಕೂ ಸೆಲ್ಯೂಟ್ ಹೊಡೀತೀರಾ?”

ಸಾಹೇಬರ ಪೆನ್ನು ನಿಂತಿತು.

“ಪೂವಕ್ಕ, ಎಲ್ಲಿಗೆ ಹೋಗುದು? ನಿಲ್ಲಿ ಅಲ್ಲೇ! ನಿಮ್ಮ ನಾಲಗೆಗೆ ಒಂದು ಕಲ್ಲು ಇಟ್ಟಿದ್ರೆ ಈ ಗಾಡಿ ಇಲ್ಲಿಗೆ ಬರ್ತಿರ್ಲಿಲ್ಲ. ಶುಕೂರ್! ನೀನು ನನ್ನ ಮನೆಯಲ್ಲಿ ಎರಡು ದಿನ ಊಟ ಮಾಡಿದ್ದೀ. ಕಾರಿಗೆ ಜೋತುಬೀಳ್ಲಿಕ್ಕೆ ಧೈರ್ಯ ಉಂಟು, ನಾನೇ ಓಡಿಸಿದ್ದು ಅಂತ ಹೇಳ್ಲಿಕ್ಕೆ ಇಲ್ವಾ?”

ಶುಕೂರ್ ಚಕ್ರದ ಬುಡದಿಂದ ಎದ್ದ. ಮೊಣಕಾಲು ಕೆತ್ತಿ ರಕ್ತ ಬರುತ್ತಿತ್ತು. “ನಾನೇ ಸಾರ್ ಓಡಿಸಿದ್ದು, ಆವತ್ತೂ ಮೊದಲೂ. ಲೈಸೆನ್ಸ್ ಮುಗಿದಿತ್ತು. ಬರ್ಕೊಳ್ಳಿ” ಎಂದ. ಸಾಹೇಬರು ನಂಬಲಾರದೆ ನೋಡಿದರು. ಶುಕೂರ್ ಎಡಬಾಗಿಲಿಗೆ ಒದ್ದು ತೆರೆದು ಒಳಗೆ ಕೂತು ತೋರಿಸಿದ. ಅವನು ಪೂರ್ತಿ ಕಾಣೆಯಾದ. ಸಾಹೇಬರು ಮೊದಲಿನ ಕಾಗದವನ್ನು ಹರಿದು ಹೊಸದು ತೆಗೆದರು. ಲೈಸೆನ್ಸಿಗೆ ದಂಡ ಕಟ್ಟಿ ನವೀಕರಿಸಿದರೆ ಸಾಕು, ಗ್ಯಾರೇಜಿಗೇನೂ ಆಗುವುದಿಲ್ಲ ಎಂದು ತಗ್ಗಿದ ದನಿಯಲ್ಲಿ, ಸರಸಳ ಕಡೆ ನೋಡುತ್ತಲೇ ಹೇಳಿದರು.

ಸರಸ ಕೊನೆಗೆ ಗಂಡನ ಕಡೆ ತಿರುಗಿದಳು. “ಮತ್ತೆ ನೀವು! ಸತ್ಯ ಹೇಳ್ತೇನೆ, ಸತ್ಯ ಹೇಳ್ತೇನೆ ಅಂತ ಕಲ್ಲು ಎತ್ತಿದ್ದು ಯಾರು?”

ಮಾಸ್ತರರು ಹಿಂಚಕ್ರದ ಬುಡದಲ್ಲಿದ್ದ ಕಲ್ಲಿನ ಕಡೆ ನೋಡಿದರು.

ಅಷ್ಟು ಹೊತ್ತೂ ನೋಣಯ್ಯ ಶೆಟ್ಟರನ್ನು ಯಾರೂ ಇಳಿಸಿರಲಿಲ್ಲ. ಕಾಂತಿ ಬಾಗಿಲು ತೆರೆದು ಅವರ ಎದೆ, ಕೈ ಎಲ್ಲ ಮುಟ್ಟಿ ನೋಡುತ್ತಿದ್ದಳು.

“ಶೆಟ್ರೇ, ತಪ್ಪು ನನ್ನದು” ಎಂದು ಮಾಸ್ತರರು ಹತ್ತಿರ ಹೋದರು. “ಈ ಕಾರು ತಾನಾಗಿ ಓಡುವುದಿಲ್ಲ.”

“ಅದು ನನಗೆ ಗೊತ್ತಿಲ್ವಾ ಮಾಸ್ತರೇ? ನನಗೆ ಕಣ್ಣು ಹೋದದ್ದು, ಬುದ್ಧಿ ಅಲ್ಲ” ಎಂದರು ಶೆಟ್ಟರು. ಅವರ ಮುಖ ಕೆಂಪಾಗಿತ್ತು. “ಕಾರು ನೋಡ್ಲಿಕ್ಕೆ ಬಂದದ್ದು ನಾನಲ್ಲ, ಇವಳು. ಏಳು ವರ್ಷದಿಂದ ನಮ್ಮ ಹಳೇ ಜೀಪು ಬಿಡುವುದು ಇವಳೇ. ಅದು ಮೊನ್ನೆ ಫಲ್ಗುಣಿ ಹೊಳೆಯ ದಾರಿಯಲ್ಲಿ ಪೂರ್ತಿ ನಿಂತೇಹೋಯ್ತು. ಒಂದು ಮಾತು ಹೇಳ್ತೇನೆ, ಮಗಳು ಬೈಯಬಾರದು. ಕಣ್ಣು ಹೋದ ಮೇಲೆ ನನ್ನೊಬ್ಬನನ್ನೇ ಎಲ್ಲಿಗಾದರೂ ಬಿಟ್ಟದ್ದು ಇವತ್ತೇ. ಗಾಳಿ ಮುಖಕ್ಕೆ ಬಡೀತಿತ್ತು. ಬಹಳ ಕುಶಿಯಾಯ್ತು.”

ಕಾಂತಿ ಅಳುತ್ತಲೇ ಅಪ್ಪನ ಭುಜಕ್ಕೆ ಒಂದು ಗುದ್ದು ಹಾಕಿದಳು. ಆಮೇಲೆ ಮೂಗು ಒರೆಸಿಕೊಂಡು ಮಾಸ್ತರರನ್ನು ಕೇಳಿದಳು, “ಇದರಲ್ಲಿ ಎಂತೆಲ್ಲ ಸರಿ ಇಲ್ಲ, ಹೇಳಿ.”

ಮಾಸ್ತರರು ಕಿಸೆಯಿಂದ ಪಟ್ಟಿ ತೆಗೆದರು. ಓದಿದರು. ಕಾಂತಿ ನಡುವೆ ಬಾಯಿ ಹಾಕಲಿಲ್ಲ. ಏಳನೆಯದಕ್ಕೆ, “ಯಾವ ಸ್ಪ್ರಿಂಗು, ಹಿಂದಿನದಾ?” ಎಂದು ಕೇಳಿದಳು. ಹದಿಮೂರನೆಯದಕ್ಕೆ ಬಗ್ಗಿ ಕೊಳವೆಯೊಳಗೆ ಕೈ ಹಾಕಿ ನೋಡಿದಳು. ಹತ್ತೊಂಬತ್ತೂ ಮುಗಿದವು. ಮಾಸ್ತರರು ಇಪ್ಪತ್ತನೆಯದಾಗಿ ಎಡಬಾಗಿಲನ್ನು ಸೇರಿಸಿದರು.

“ಇಷ್ಟೇಯಾ? ನಮ್ಮ ಜೀಪಿಗಿಂತ ವಾಸಿ. ಶುಕೂರ್ ಬ್ಯಾರಿ, ಇದನ್ನು ನೆಲದಿಂದ ಒಂದು ಮೊಳ ಮೇಲೆ ಎತ್ಲಿಕ್ಕೆ ಆಗ್ತದಾ?” ಎಂದಳು ಕಾಂತಿ.

“ಎರಡು ದಿನದ ಕೆಲಸ” ಎಂದ ಶುಕೂರ್.

ಒಪ್ಪಂದವಾಯಿತು. ಶುಕೂರ್ ಮುರಿದ ಹ್ಯಾಂಡ್‌ಬ್ರೇಕನ್ನು ಅಲ್ಲಿಯೇ ತಂತಿ ಬಿಗಿದು ಹಿಡಿಯುವಂತೆ ಮಾಡಿದ. ಕಾಂತಿ ಅಪ್ಪನ ಪಕ್ಕ ಎಡಗಡೆ ಕೂತು, ಗೇರನ್ನು ಎರಡು ಸಲ ತಡವಿ ನೋಡಿ, ಒಂದೇ ಏಟಿಗೆ ಕಾರನ್ನು ಏರಿಯಿಂದ ಹಿಂದಕ್ಕೆ ತೆಗೆದು ಮಾರಾಟದ ಕಾಗದ ಬರೆಸಲು ಬೆಳ್ತಂಗಡಿಯ ಕಡೆಗೆ ತಿರುಗಿಸಿದಳು. ಸಾಹೇಬರು ಬಂಟ್ವಾಳದ ಬಸ್ಸು ಹಿಡಿದರು. ಜನ ಚದುರಿತು.

ಮಾಸ್ತರರು, ಸರಸ ಹಿಂದೆ ಮುಂದೆ ನಡೆದು ಮನೆಗೆ ಬಂದರು. ಅಂಗಳ ಬಹಳ ದೊಡ್ಡದಾಗಿ ಕಂಡಿತು. ಮಾಸ್ತರರು ಜಗಲಿಯ ಮೆಟ್ಟಿಲ ಮೇಲೆ ಕೂತು ಅಂಗೈಗೆ ಹತ್ತಿದ್ದ ಕಲ್ಲಿನ ಮಣ್ಣು ಒರೆಸಿಕೊಂಡರು.

“ನೀನು ಎಲ್ಲರಿಗೂ ಬೈದೆ” ಎಂದರು.

“ಹೂಂ.”

“ನನಗೂ ಬೈದೆ.”

“ನಿಮಗೆ ಬೈದದ್ದು ಮುಗೀಲಿಲ್ಲ. ಅಲ್ಲಿ ಜನ ಇದ್ದರು.”

“ಇನ್ನೂ ಉಂಟಾ?”

“ಇಪ್ಪತ್ತೆರಡು ವರ್ಷದ್ದು ಉಂಟು” ಎಂದಳು ಸರಸ.

ಮಾಸ್ತರರು ಮೆಟ್ಟಿಲ ಮೇಲೆ ಸ್ವಲ್ಪ ಬದಿಗೆ ಸರಿದು ಆಕೆಗೆ ಜಾಗ ಮಾಡಿಕೊಟ್ಟರು. “ಹೇಳು” ಎಂದರು.

ಸರಸ ಕೂರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡು, ಅಂಗಳದ ನಡುವೆ ನಿಂತು ಶುರುಮಾಡಿದಳು.